ಫಿರೋಜ್ ಶಾ: ಯಾವ ಫಿರೋಜ್, ಯಾವ ಊರು?

'ಫಿರೋಜಾಬಾದ್ ಕಟ್ಟಿಸಿದವರು ಯಾರು?' ಎಂಬ ಪ್ರಶ್ನೆ ಕಂಡ ಕೂಡಲೇ ಉತ್ತರ ಬರೆಯಬೇಡಿ. ಮೊದಲು ನದಿ ಯಾವುದು ಅಂತ ನೋಡಿ. ಯಮುನೆಯಾದರೆ ಅದು ದೆಹಲಿ. ಕಟ್ಟಿಸಿದವನು ಫಿರೋಜ್ ಶಾ ತುಘಲಕ್. ಭೀಮಾ ಆದರೆ ನಮ್ಮ ಕಲಬುರಗಿಯದು; ಕಟ್ಟಿಸಿದವನು ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾ. ಗಾಜಿನ ಬಳೆಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದ್ ಇವೆರಡೂ ಅಲ್ಲ, ಅದು ಬೇರೆ ಊರು.

ತುಘಲಕ್ ಆಳಿದ್ದು 1351ರಿಂದ 1388ರವರೆಗೆ. ಹರಿಯಾಣದ ಹಿಸಾರ್ ಊರಿನ ಹಳೆಯ ಹೆಸರು ಹಿಸಾರ್-ಎ-ಫಿರೋಜಾ, ಅದೂ ಇವನದೇ. ದೆಹಲಿಯ ಫಿರೋಜ್ ಶಾ ಕೋಟ್ಲಾ ಗೊತ್ತಲ್ವಾ? ಅದರ ಪಕ್ಕದ ಕ್ರಿಕೆಟ್ ಮೈದಾನಕ್ಕೂ ಅದೇ ಹೆಸರಿತ್ತು. 2019ರಲ್ಲಿ ಅರುಣ್ ಜೇಟ್ಲಿ ಕ್ರೀಡಾಂಗಣ ಆಯಿತು. ಕೋಟ್ಲಾದಲ್ಲಿ ನಿಂತಿರುವ ಕಂಬ ಮಾತ್ರ ಅಶೋಕನದು. ಫಿರೋಜ್ ಅದನ್ನು ಟೋಪ್ರಾದಿಂದ ತರಿಸಿ ನಿಲ್ಲಿಸಿದ, ಅಷ್ಟೇ.

ಇನ್ನು ನಮ್ಮ ಫಿರೋಜ್. ಪಟ್ಟಕ್ಕೆ ಬಂದಿದ್ದು 1397ರಲ್ಲಿ, ಅಂದರೆ ತುಘಲಕ್ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ. ಈ ಅಂತರ ನೆನಪಿದ್ದರೆ ಇಬ್ಬರೂ ಬೆರೆತು ಹೋಗುವುದಿಲ್ಲ. ವಿಜಯನಗರದ ಒಂದನೇ ದೇವರಾಯನ ಜೊತೆ ಯುದ್ಧ ಮಾಡಿದವನು, ದೌಲತಾಬಾದ್ ಹತ್ತಿರ ನಕ್ಷತ್ರ ನೋಡುವ ವೇಧಶಾಲೆ ಕಟ್ಟಿಸಲು ಹೊರಟವನು ಇವನೇ.

ಅವನ ಊರನ್ನು ಸಾಧ್ಯವಾದರೆ ಹೋಗಿ ನೋಡಿ. ಜೇವರ್ಗಿ ಕಡೆಯ ರಸ್ತೆಯಲ್ಲಿ ಸಿಗುತ್ತದೆ, ಕಲಬುರಗಿಯಿಂದ ಮೂವತ್ತು ಕಿಲೋಮೀಟರಿನೊಳಗೆ. ಮೂರು ಕಡೆ ಕಲ್ಲಿನ ಕೋಟೆಗೋಡೆ. ನಾಲ್ಕನೇ ಕಡೆ ಭೀಮೆಯೇ ಕಾವಲು. ಒಳಗೆ ದೊಡ್ಡ ಜಾಮಿ ಮಸೀದಿಯ ಅವಶೇಷ, ಗುಮ್ಮಟವಿರುವ ಹಮಾಮು (ಸ್ನಾನಗೃಹ) ಉಳಿದಿವೆ. ಕೋಟೆ ಅಂದರೆ ಬೀದರ್ ಅಂತ ಓಡುವ ನಾವು ಇಷ್ಟು ಹತ್ತಿರದ ಇದನ್ನು ಸುಮ್ನೆ ದಾಟಿ ಹೋಗುತ್ತೇವೆ. ಅದು ನನಗೆ ಬೇಸರದ ಸಂಗತಿ.

ಫಿರೋಜನ ಗೋರಿ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿದೆ. ಅಲ್ಲಿನ ಗೋರಿಗಳಲ್ಲೆಲ್ಲ ದೊಡ್ಡದು, ಜೋಡಿ ಗುಮ್ಮಟದ್ದು. ದೂರದಿಂದಲೇ ಗುರುತು ಸಿಗುತ್ತದೆ.

ಬಂಗಾಳದ ಗೌರ್‌ನಲ್ಲಿ ಫಿರೋಜ್ ಮಿನಾರ್ ಇದೆ. ಅದು ಅಲ್ಲಿನ ಸುಲ್ತಾನ ಸೈಫುದ್ದೀನ್ ಫಿರೋಜ್ ಹೆಸರಿನದು, 15ನೇ ಶತಮಾನದ ಕೊನೆ ಭಾಗದ್ದು.

ಇದೇ ತೊಡಕು 'ಅಹಮದ್' ಹೆಸರಿನಲ್ಲೂ ಇದೆ. 1422ರಲ್ಲಿ ಫಿರೋಜನ ನಂತರ ಬಂದ ಅವನ ತಮ್ಮ ಅಹಮದ್ ಶಾ ರಾಜಧಾನಿಯನ್ನು ಬೀದರ್‌ಗೆ ಒಯ್ದ. ಅವನ ಗೋರಿ ಅಷ್ಟೂರಿನಲ್ಲಿದೆ. ಅಹಮದಾಬಾದ್ ಮಾತ್ರ ಗುಜರಾತಿನ ಅಹಮದ್ ಶಾನದು (1411), ಅಹಮದ್‌ನಗರ ನಿಜಾಮಶಾಹಿ ಅಹಮದ್‌ನದು.