ಲೆಟರ್ ಪಕ್ಕಕ್ಕಿಡಿ, ರೋಸ್ಟರ್ ತೆಗೆಯಿರಿ

ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದ ಮೊಮ್ಮಗ ಜೂನಿಯರ್ ಕಾಲೇಜಿಗೆ ಸೇರುತ್ತಾನೆ ಎಂದು ಮೈಸೂರಿಗೆ ಫೋನ್ ಮಾಡಿ ಹೇಳಿ ನೋಡಿ. "ಅಯ್ಯೋ, ಮತ್ತೆ ಪಿಯುಸಿನಾ?" ಎಂದು ಅಜ್ಜಿ ಕೇಳುತ್ತಾರೆ. ಅಜ್ಜಿಯ ತಪ್ಪಲ್ಲ, ನಮ್ಮೂರಲ್ಲಿ ಆ ಹೆಸರಿಗೆ ಅದೇ ಅರ್ಥ. ಅಮೆರಿಕದಲ್ಲಿ ಅದು ಹೈಸ್ಕೂಲ್ ಆದಮೇಲಿನ ಎರಡು ವರ್ಷದ ಕಾಲೇಜು, ಕಮ್ಯುನಿಟಿ ಕಾಲೇಜು ಅಂದರೂ ಅದೇ. ಆದರೆ ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಅಪ್ಪ ಅಮ್ಮಂದಿರ ಮುಖದಲ್ಲೂ ಅದೇ ಪ್ರಶ್ನೆ ಕಂಡರೆ ನನಗೆ ಬೇಜಾರಾಗುತ್ತದೆ.

ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕೌನ್ಸೆಲರ್. ಆಟಗಾರ ಹುಡುಗರ ಕೋರ್ಸು, ಕ್ರೆಡಿಟ್, ಟ್ರಾನ್ಸ್‌ಫರ್ ನೋಡಿಕೊಳ್ಳುವುದು ನನ್ನ ಕೆಲಸ. ಬೇಸ್‌ಬಾಲ್ ಆಡುವ ಕನ್ನಡದ ಹುಡುಗರು ತುಂಬಾ ಕಡಿಮೆ. ಬರುವ ಒಬ್ಬಿಬ್ಬರ ಮನೆಯಲ್ಲಿ ಮಾತ್ರ ಒಂದೇ ಮಾತು: "ಮೇಡಂ, ಡಿವಿಷನ್ ಒನ್ ಸಿಕ್ಕಿದೆ." ಅಂದರೆ ಕಾಲೇಜು ಆಟದಲ್ಲಿ ಅತಿ ಮೇಲಿನ ಮಟ್ಟದ, ನಾಲ್ಕು ವರ್ಷದ ಕಾಲೇಜಿನ ತಂಡ.

ಸಿಕ್ಕಿದೆ ಅನ್ನುವ ಆ ಮಾತೇ ತೊಂದರೆ. ನಾವು ಸಿಇಟಿ ಬರೆದು ಬೆಳೆದವರು. ನಮಗೆ ಸೀಟು ಸಿಕ್ಕಿತು ಎಂದರೆ ಮುಗಿಯಿತು. ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತರೂ ಡಿಗ್ರಿ ನಮ್ಮದೇ. ಬೇಸ್‌ಬಾಲಿನಲ್ಲಿ ಹಾಗಲ್ಲ. ತಂಡಕ್ಕೆ ಸೇರುವುದೇ ಬೇರೆ, ಆಡುವುದೇ ಬೇರೆ. ಹದಿನೆಂಟು ವರ್ಷದ ಹುಡುಗ ಬೆಳೆಯುವುದು ಆಡಿದಾಗ. ಬೆಂಚಿನ ಮೇಲೆ ಕೂತು ಯಾರೂ ಬ್ಯಾಟಿಂಗ್ ಕಲಿತಿಲ್ಲ.

ಕೆಲವು ವರ್ಷದ ಹಿಂದೆ ಒಂದು ಮನೆಗೆ ಕರೆದಿದ್ದರು. ಹುಡುಗ ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಅವನ ತಂದೆ ಆಫರ್ ಲೆಟರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟ ಹಾಗೆ ಫೈಲಿನಲ್ಲಿ ಇಟ್ಟಿದ್ದರು. ನಾನು ಲೆಟರ್ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪಿನಲ್ಲಿ ಆ ತಂಡದ ರೋಸ್ಟರ್, ಅಂದರೆ ಆಟಗಾರರ ಪಟ್ಟಿ, ತೆಗೆಯಿರಿ ಎಂದೆ. ಹಳೇ ಲಕೋಟೆಯ ಹಿಂದೆ ಬರೆದುಕೊಂಡು ಎಣಿಸಿದೆವು. ಕ್ಯಾಚರ್‌ಗಳು ಮೂವರು. ಒಬ್ಬ ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರು ಹೆಸರು ಹಾಕುವ ಆನ್‌ಲೈನ್ ಪಟ್ಟಿ) ಮೂಲಕ ಬಂದವನು, ಡಿಗ್ರಿ ಮುಗಿಸಿದ ಗಟ್ಟಿ ಆಳು. ಇನ್ನಿಬ್ಬರು ಎರಡನೇ ವರ್ಷದವರು. ಅಂದರೆ ಇನ್ನೂ ಎರಡು ವರ್ಷ ಅಲ್ಲೇ ಇರಬಹುದು. ಪ್ಲೇಟಿನ ಹಿಂದೆ ಕೂರುವ ಜಾಗ ಒಂದೇ ಅಲ್ವಾ? ಇವನು ನಾಲ್ಕನೆಯವನು.

"ಕೋಚ್ ಚಾನ್ಸ್ ಕೊಡ್ತೀನಿ ಅಂದಿದ್ದಾರೆ ಮೇಡಂ" ಎಂದರು ತಂದೆ. ಕೋಚ್ ಸುಳ್ಳು ಹೇಳಿದ್ದಾರೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಮಾತನ್ನು ಅವರು ಮೂವರಿಗೆ ಮೊದಲೇ ಹೇಳಿರುತ್ತಾರೆ.

ಹುಡುಗ ಹೋದ. ಮುಂದಿನ ಜೂನ್‌ನಲ್ಲಿ ನನ್ನ ಆಫೀಸಿಗೆ ಬಂದ. "ಆಂಟಿ, ನಿಮ್ಮ ಕಾಲೇಜಿಗೆ ಸೇರಬಹುದಾ?" ಬ್ಯಾಗಿನಿಂದ ಹೊರಗೆ ಇಣುಕುತ್ತಿದ್ದ ಕ್ಯಾಚರ್ ಗ್ಲೌಸ್ ನೋಡಿದೆ. ಅಂಗೈ ಭಾಗದ ಚರ್ಮ ಸವೆದು ಕಪ್ಪಾಗಿತ್ತು, ಬೆರಳಿನ ಹತ್ತಿರ ದಾರ ಕಿತ್ತು ಮತ್ತೆ ಕಟ್ಟಿತ್ತು. ಪಕ್ಕದಲ್ಲಿದ್ದ ಬ್ಯಾಟು ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. ವರ್ಷವಿಡೀ ಅಭ್ಯಾಸದ ಜಾಗವಾದ ಬುಲ್‌ಪೆನ್ನಿನಲ್ಲಿ ಬೇರೆಯವರ ಬೌಲಿಂಗ್ ಹಿಡಿದಿದ್ದ. ಬ್ಯಾಟ್ ಹಿಡಿದು ಕ್ರೀಸಿಗೆ ಹೋಗಿದ್ದು ಒಂಬತ್ತೇ ಸಲ. (ಪಿಚಿಂಗಿಗೆ ಬೌಲಿಂಗ್ ಎನ್ನುವುದು, ಬ್ಯಾಟರ್ಸ್ ಬಾಕ್ಸಿಗೆ ಕ್ರೀಸ್ ಎನ್ನುವುದು ನನ್ನ ಹಳೇ ಕ್ರಿಕೆಟ್ ಅಭ್ಯಾಸ. ಹುಡುಗರು ತಿದ್ದುತ್ತಲೇ ಇರುತ್ತಾರೆ.) ನಮ್ಮಲ್ಲಿ ಎರಡನೇ ವಾರದಿಂದಲೇ ಆಡಿದ.

ಆದರೆ ಒಂದು ವರ್ಷ ಹೋಯಿತಲ್ಲ! ಡಿವಿಷನ್ ಒನ್‌ನಲ್ಲಿ ಆಗ ನಾಲ್ಕು ಸೀಸನ್ ಆಡಲು ಐದು ವರ್ಷ ಎಂಬ ಲೆಕ್ಕವಿತ್ತು. ಯಾವುದೇ ಕಾಲೇಜಿಗೆ ಫುಲ್ ಟೈಮ್ ಸೇರಿದ ದಿನವೇ ಆ ಗಡಿಯಾರ ಶುರುವಾಗುತ್ತಿತ್ತು. ಜೂನಿಯರ್ ಕಾಲೇಜಿಗೆ ಸೇರಿದರೂ ಅಷ್ಟೇ. ಈ ನಿಯಮದ ಮೇಲೆ ಕೋರ್ಟುಗಳಲ್ಲಿ ಜಗಳ ನಡೆದಿದೆ. 2024ರ ಡಿಸೆಂಬರಿನಲ್ಲಿ ಡಿಯಾಗೋ ಪಾವಿಯಾ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗೆ ಟೆನೆಸಿಯ ಫೆಡರಲ್ ಕೋರ್ಟು, ಜೂನಿಯರ್ ಕಾಲೇಜಿನ ಕಾಲವನ್ನು ಅಡ್ಡ ತರದೆ ಇನ್ನೊಂದು ಸೀಸನ್ ಆಡಲು ರಿಲೀಫ್ ಕೊಟ್ಟಿತು. ಹಾಗಾಗಿ ನಾನು ಇಲ್ಲಿ ಹೇಳಿದ್ದನ್ನೇ ನಂಬಿ ಸಹಿ ಹಾಕಬೇಡಿ. ಆಯಾ ಕಾಲೇಜಿನಲ್ಲಿ ಆಟದ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಇಮೇಲ್ ಮಾಡಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ.

ಜಾಗ ಈಗ ಇನ್ನೂ ಕಡಿಮೆಯಾಗಿದೆ. ಆಟಗಾರರು ಹಾಕಿದ ಕೇಸಿನಲ್ಲಿ ಕೋರ್ಟು ಒಪ್ಪಿದ ಹೊಸ ಒಪ್ಪಂದಕ್ಕೆ ಸೇರಿದ ಡಿವಿಷನ್ ಒನ್ ಕಾಲೇಜುಗಳಲ್ಲಿ 2025-26ರಿಂದ ಬೇಸ್‌ಬಾಲ್ ತಂಡಕ್ಕೆ 34 ಜನರ ಮಿತಿ. ಆ 34ರಲ್ಲಿ ಪೋರ್ಟಲ್‌ನಿಂದ ಬರುವ 22-23 ವರ್ಷದವರೂ ಇರುತ್ತಾರೆ. ದುಡ್ಡಿನ ಕಥೆಯೂ ಕೇಳಿ. ಮೊದಲು ಇಡೀ ತಂಡಕ್ಕೆ 11.7 ಸ್ಕಾಲರ್‌ಶಿಪ್ ಇತ್ತು, ಅದನ್ನೇ ಚೂರು ಚೂರು ಮಾಡಿ ಹಂಚುತ್ತಿದ್ದರು. ಆ ಒಪ್ಪಂದದಲ್ಲಿ ಈಗ ಆ ಮಿತಿ ಇಲ್ಲ, ಆದರೆ ಎಷ್ಟು ಕೊಡಬೇಕು ಎನ್ನುವುದು ಕಾಲೇಜಿಗೆ ಬಿಟ್ಟಿದ್ದು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಆದರೆ ಈ ರಾಜ್ಯದವರಿಗೆ ಫೀಸು ಒಂದು ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. 12 ಯೂನಿಟ್ ತೆಗೆದುಕೊಂಡರೆ 552 ಡಾಲರ್.

ಡ್ರಾಫ್ಟಿನ, ಅಂದರೆ ದೊಡ್ಡ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಪದ್ಧತಿಯ, ಆಸೆ ಇರುವವರು ಇನ್ನೊಂದು ವಿಷಯ ತಿಳಿದಿರಲಿ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವನು ಸಾಮಾನ್ಯವಾಗಿ ಮೂರು ವರ್ಷ ಮುಗಿಯುವವರೆಗೆ, ಇಲ್ಲವೇ 21 ತುಂಬುವವರೆಗೆ ಕಾಯಬೇಕು. ಜೂನಿಯರ್ ಕಾಲೇಜಿನವನಿಗೆ ಪ್ರತಿ ವರ್ಷವೂ ಅವಕಾಶ. ಬ್ರೈಸ್ ಹಾರ್ಪರ್ ಕಾಲೇಜ್ ಆಫ್ ಸದರ್ನ್ ನೆವಾಡಾದಲ್ಲಿ ಒಂದು ಸೀಸನ್ ಆಡಿ 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಆಲ್ಬರ್ಟ್ ಪೂಹೋಲ್ಸ್ ಮೇಪಲ್ ವುಡ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ವರ್ಷ ಆಡಿದ, 1999ರಲ್ಲಿ 13ನೇ ಸುತ್ತಿನಲ್ಲಿ ಆಯ್ಕೆಯಾದ. ಇಬ್ಬರೂ ಮುಂದೆ ಬೇಸ್‌ಬಾಲಿನ ದೊಡ್ಡ ತಾರೆಗಳಾದರು. ಇವರ ಹೆಸರು ಹೇಳಿ ನಿಮ್ಮ ಮಗನನ್ನು ತೂಗಬೇಡಿ. ಆ ದಾರಿಯಲ್ಲಿ ಹೋದವರು ಇದ್ದಾರೆ ಎಂದು ತಿಳಿದರೆ ಸಾಕು.

ಹಾಗಂತ ಎಲ್ಲರೂ ನಮ್ಮಲ್ಲಿಗೇ ಬನ್ನಿ ಎನ್ನುತ್ತಿಲ್ಲ. ಮೊದಲ ವರ್ಷವೇ ಆಡುವಷ್ಟು ತಯಾರಾದ ಹುಡುಗ, ಒಳ್ಳೆಯ ದುಡ್ಡು, ಬೇಕಾದ ಕೋರ್ಸು ಇದ್ದರೆ ಡಿವಿಷನ್ ಒನ್‌ಗೇ ಕಳಿಸಿ. ನಮ್ಮ ಕಾಲೇಜಿನಲ್ಲಿ ಹಾಸ್ಟೆಲ್ ಇಲ್ಲ. ದೂರದ ಹುಡುಗರು ನಾಲ್ಕೈದು ಜನ ಸೇರಿ ಮನೆ ಬಾಡಿಗೆಗೆ ಹಿಡಿಯುತ್ತಾರೆ, ತಾವೇ ಬೇಯಿಸಿಕೊಳ್ಳುತ್ತಾರೆ. ಎಬ್ಬಿಸುವವರಿಲ್ಲದೆ ಏಳಲಾಗದ ಹುಡುಗನಿಗೆ ಇದು ಕಷ್ಟ.

ಇಲ್ಲಿಗೆ ಬರುವುದಾದರೆ ಮೊದಲ ದಿನವೇ ಕೌನ್ಸೆಲರ್ ಹತ್ತಿರ ಕೂತು, ಯಾವ ಕೋರ್ಸಿಗೆ ಮುಂದಿನ ಯೂನಿವರ್ಸಿಟಿ ಕ್ರೆಡಿಟ್ ಕೊಡುತ್ತದೆ ಎಂದು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಅಸಿಸ್ಟ್ ಎಂಬ ವೆಬ್‌ಸೈಟೇ ಇದೆ. ಸುಲಭ ಎಂದು ಸುಮ್ನೆ ತುಂಬಿಕೊಂಡ ಕೋರ್ಸುಗಳಿಂದ ಒಳ್ಳೊಳ್ಳೆ ಪಿಚರ್‌ಗಳು ಟ್ರಾನ್ಸ್‌ಫರ್ ಹೊತ್ತಿಗೆ ಸಿಕ್ಕಿಹಾಕಿಕೊಂಡಿದ್ದನ್ನು ನೋಡಿದ್ದೇನೆ. ಡಿವಿಷನ್ ಒನ್‌ಗೆ ಹೋಗಿ, ಇಲ್ಲಿಗೆ ಬಂದು, ಮತ್ತೆ ಅಲ್ಲಿಗೆ ಹೋಗುವವರಿಗಂತೂ ನಿಯಮ ಇನ್ನೂ ಬಿಗಿ. ಆ ಕ್ಯಾಚರ್ ಹುಡುಗನ ಕ್ರೆಡಿಟ್ ಹೊಂದಿಸಲು ಎರಡು ಬೇಸಿಗೆ ಹಿಡಿಯಿತು.

ರೋಸ್ಟರ್ ಎಣಿಸಲು ಒಂದು ಗಂಟೆ ಸಾಕು. ಮಗನ ಜಾಗದಲ್ಲಿ ಆಡುವವರು ಎಷ್ಟು ಜನ, ಯಾವ ವರ್ಷದವರು, ಪೋರ್ಟಲ್‌ನಿಂದ ಬಂದವರು ಎಷ್ಟು, ಕಳೆದ ಸೀಸನ್‌ನಲ್ಲಿ ಮೊದಲ ವರ್ಷದ ಹುಡುಗರು ಎಷ್ಟು ಸಲ ಬ್ಯಾಟ್ ಮಾಡಿದರು ಎಂದು ಬರೆಯಿರಿ. ಬರೆಯುವಾಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪೆನ್ನು ಅವನ ಕೈಗೇ ಕೊಡಿ.