ಬೆಳಕು ಕಣವೆಂದು ಸಾಬೀತಾದದ್ದು ಯಾವಾಗ?

ದ್ಯುತಿವಿದ್ಯುತ್ ಪರಿಣಾಮವನ್ನು ತರಗತಿಯಲ್ಲಿ ಓದಿದ ಯಾರನ್ನೇ ಕೇಳಿ, ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಬೆಳಕು ಅಲೆ ಎಂದು ಎಲ್ಲರೂ ನಂಬಿದ್ದರು, ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೊರಬರುವ ರೀತಿ ಅಲೆಯ ಲೆಕ್ಕಕ್ಕೆ ಒಗ್ಗಲಿಲ್ಲ, 1905ರಲ್ಲಿ ಐನ್‌ಸ್ಟೈನ್ ಬೆಳಕನ್ನು ಕಣವೆಂದರು, ಪ್ರಯೋಗ ಅದನ್ನು ಸಾಬೀತುಪಡಿಸಿತು, ನೊಬೆಲ್ ಬಂತು. ಇದರಲ್ಲಿನ ಇಸವಿಗಳೆಲ್ಲ ಸರಿ, ಅವುಗಳನ್ನು ಪೋಣಿಸಿದ ದಾರ ಮಾತ್ರ ಸರಿಯಿಲ್ಲ. ಮುಂದಿನ ಪಾಠದಲ್ಲಿ ‘ಬೆಳಕು ಅಲೆಯೂ ಹೌದು, ಕಣವೂ ಹೌದು’ ಎಂಬ ವಾಕ್ಯ ಎದುರಾದಾಗ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ, ತನ್ನ ಬುದ್ಧಿಯಲ್ಲೇ ಏನೋ ಕೊರತೆಯಿದೆ ಎಂದು ಸುಮ್ಮನಾಗುತ್ತಾನೆ. ಅದೇ ತಬ್ಬಿಬ್ಬಿನಲ್ಲಿ ಆ ಕಾಲದ ಘಟಾನುಘಟಿಗಳು ಇಪ್ಪತ್ತು ವರ್ಷ ಕಳೆದಿದ್ದರು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ನ್ಯೂಟನ್ ಕಣವೆಂದದ್ದು, ಹೈಗೆನ್ಸ್ ಅಲೆಯೆಂದದ್ದು, 1801ರ ಸುಮಾರಿಗೆ ಯಂಗ್ ವ್ಯತಿಕರಣದ ಪಟ್ಟಿಗಳಿಂದ (ಅಲೆಗಳು ಒಂದರ ಮೇಲೊಂದು ಕೂಡಿದಾಗ ಮೂಡುವ ಬೆಳಕು-ಕತ್ತಲೆಯ ಗೆರೆಗಳಿಂದ) ಅಲೆಯ ಪಕ್ಷವನ್ನು ಎತ್ತಿಹಿಡಿದದ್ದು, ಮ್ಯಾಕ್ಸ್‌ವೆಲ್ ಅದಕ್ಕೆ ಸಮೀಕರಣಗಳ ಬುನಾದಿ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೋಜಲು ಶುರುವಾಗುವುದು 1887ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ಮ್ಯಾಕ್ಸ್‌ವೆಲ್ ಹೇಳಿದ ಅಲೆಗಳನ್ನು ಹೈನ್ರಿಕ್ ಹರ್ಟ್ಸ್ ಕಿಡಿಗಳ ಮೂಲಕ ಹಿಡಿಯುತ್ತಿದ್ದರು. ಸಣ್ಣ ಕಿಡಿ ಚೆನ್ನಾಗಿ ಕಾಣಲೆಂದು ಅಲೆಯನ್ನು ಹಿಡಿಯುವ ಗ್ರಾಹಕವನ್ನು ಕತ್ತಲ ಪೆಟ್ಟಿಗೆಯಲ್ಲಿಟ್ಟರೆ ಕಿಡಿ ಇನ್ನಷ್ಟು ಕುಗ್ಗಿತು. ನಡುವೆ ಗಾಜು ಇಟ್ಟರೆ ಕುಗ್ಗುತ್ತದೆ, ನೇರಳಾತೀತ ಕಿರಣವನ್ನು ಬಿಡುವ ಸ್ಫಟಿಕ ಶಿಲೆ ಇಟ್ಟರೆ ಕುಗ್ಗುವುದಿಲ್ಲ. ಬೆಳಕು ಅಲೆಯೇ ಎಂದು ಸಾರಿದ ಪ್ರಯೋಗದ ಮಗ್ಗುಲಲ್ಲೇ ಅದನ್ನು ಮುಂದೆ ಅಲುಗಿಸಲಿದ್ದ ವಿದ್ಯಮಾನ ಹುಟ್ಟಿತ್ತು. ಹರ್ಟ್ಸ್ ಕಂಡದ್ದನ್ನು ಕಂಡಂತೆ ಬರೆದಿಟ್ಟರು, ವಿವರಣೆಗೆ ಕೈಹಾಕಲಿಲ್ಲ. 1894ರಲ್ಲಿ, 36ನೆಯ ವಯಸ್ಸಿನಲ್ಲೇ ತೀರಿಕೊಂಡರು.

ಅವರ ಸಹಾಯಕರಾಗಿದ್ದ ಫಿಲಿಪ್ ಲೆನಾರ್ಡ್ 1902ರಲ್ಲಿ ಪ್ರಕಟಿಸಿದ ಅಳತೆಗಳು ವಿಚಿತ್ರವಾಗಿದ್ದವು. ಬೆಳಕಿನ ತೀವ್ರತೆಯನ್ನು ಸಾವಿರ ಪಟ್ಟು ಹೆಚ್ಚಿಸಿದರೂ ಹೊರಬರುವ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ ಕದಲಲಿಲ್ಲ. ಸಂಖ್ಯೆ ಮಾತ್ರ ಏರಿತು. ಅಲೆ ದೊಡ್ಡದಾದಷ್ಟೂ ಹೊಡೆತ ಜೋರಾಗಬೇಕಿತ್ತಲ್ಲವೇ? ಅಲೆಯ ಸಿದ್ಧಾಂತ ಇಲ್ಲಿ ಕುಸಿಯಿತು ಎಂದು ಪಾಠಗಳು ಹೇಳುತ್ತವೆ. ಆದರೆ ಆಗ ಯಾರಿಗೂ ಹಾಗೆ ಅನ್ನಿಸಲಿಲ್ಲ. ಲೆನಾರ್ಡ್ ಕೊಟ್ಟ ವಿವರಣೆ ಇದು: ಎಲೆಕ್ಟ್ರಾನು ಆ ಶಕ್ತಿಯನ್ನು ಬೆಳಕಿನಿಂದ ಪಡೆಯುವುದೇ ಇಲ್ಲ, ಪರಮಾಣುವಿನೊಳಗೆ ಅದು ಮೊದಲೇ ಆ ವೇಗದಲ್ಲಿ ಓಡಾಡುತ್ತಿರುತ್ತದೆ, ತನಗೆ ಹೊಂದುವ ಆವೃತ್ತಿಯ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕದ) ಬೆಳಕು ಬಿದ್ದಾಗ ಬಾಗಿಲು ತೆರೆದುಕೊಳ್ಳುತ್ತದೆ, ಅಷ್ಟೇ. ಈ ಊಹೆ ಸೋತಿತೆಂಬ ಒಂದೇ ಕಾರಣಕ್ಕೆ ನಾವು ಅದನ್ನು ಕಥೆಯಿಂದ ಕಿತ್ತುಹಾಕಿದ್ದೇವೆ. ಅಂದಿನ ಭೌತವಿಜ್ಞಾನಿಗೆ ಅದು ಬಹಳ ವಿವೇಕದ ಮಾತಾಗಿತ್ತು, ಹಲವು ವರ್ಷ ಚಲಾವಣೆಯಲ್ಲೂ ಇತ್ತು.

ಐನ್‌ಸ್ಟೈನ್ 1905ರ ಮಾರ್ಚಿನಲ್ಲಿ ಕಳುಹಿಸಿದ ಪ್ರಬಂಧ ಮುಖ್ಯವಾಗಿ ದ್ಯುತಿವಿದ್ಯುತ್ ಪರಿಣಾಮದ ಬಗ್ಗೆ ಇರಲೇ ಇಲ್ಲ. ಕಾದ ಕಾಯದ ವಿಕಿರಣವನ್ನು ಪರಿಶೀಲಿಸುತ್ತಾ, ಅದು ಬಿಡಿಬಿಡಿ ಶಕ್ತಿ ಪೊಟ್ಟಣಗಳ ಅನಿಲದಂತೆ ವರ್ತಿಸುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಲೋಹದಿಂದ ಸಿಡಿಯುವ ಎಲೆಕ್ಟ್ರಾನುಗಳು ಆ ಊಹೆಯ ಅನ್ವಯಗಳಲ್ಲಿ ಒಂದು. ಪೊಟ್ಟಣದ ಶಕ್ತಿ ಆವೃತ್ತಿಗೆ ಅನುಪಾತದಲ್ಲಿರುತ್ತದೆ. ಲೋಹದ ಹಿಡಿತ ಬಿಡಿಸಿಕೊಳ್ಳಲು ಒಂದಿಷ್ಟು ಖರ್ಚಾಗುತ್ತದೆ. ಉಳಿದದ್ದು ಎಲೆಕ್ಟ್ರಾನಿನ ಓಟಕ್ಕೆ. ಸೋಡಿಯಂನಲ್ಲಿ ಆ ಖರ್ಚು ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ (ಇಂಥ ಅತಿ ಸಣ್ಣ ಶಕ್ತಿಗಳನ್ನು ಅಳೆಯುವ ಮಾನ). ಕೆಂಪು ಬೆಳಕಿನ ಪೊಟ್ಟಣದಲ್ಲಿರುವುದು ಸುಮಾರು 1.8, ಆದ್ದರಿಂದ ಎಷ್ಟೇ ಪ್ರಖರವಾದ ಕೆಂಪು ದೀಪ ಹಿಡಿದರೂ ಏನೂ ಆಗದು. ನೇರಳೆಯ 3.1ರ ಪೊಟ್ಟಣ ಎಲೆಕ್ಟ್ರಾನನ್ನು ಕಿತ್ತು, ಸುಮಾರು 0.8ರ ಓಟವನ್ನೂ ಕೊಡಬಲ್ಲದು. ಆವೃತ್ತಿಯ ಎದುರು ಗರಿಷ್ಠ ಶಕ್ತಿಯನ್ನು ಗುರುತಿಸಿದರೆ ಸರಳರೇಖೆ ಬರಬೇಕು, ಯಾವ ಲೋಹವಾದರೂ ಅದರ ಓರೆ ಒಂದೇ ಆಗಿರಬೇಕು. ಅಂಥ ರೇಖೆಯನ್ನು ಅಲ್ಲಿಯವರೆಗೆ ಯಾರೂ ಎಳೆದಿರಲಿಲ್ಲ. ಐನ್‌ಸ್ಟೈನ್ ಹೇಳಿದ್ದು ಕಂಡದ್ದರ ವಿವರಣೆಗಿಂತ ಹೆಚ್ಚಾಗಿ ಮುನ್ಸೂಚನೆ.

ಅದನ್ನು ಪರೀಕ್ಷಿಸಿದ ಷಿಕಾಗೋದ ರಾಬರ್ಟ್ ಮಿಲಿಕನ್ ಅವರ ಕೆಲಸದ ಮುಂದೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಷ್ಟು ಪ್ರಾಮಾಣಿಕವಾದ ಅಧ್ಯಾಯ ಈ ಇತಿಹಾಸದಲ್ಲಿ ಇನ್ನೊಂದಿಲ್ಲ. ಕಣ್ಣಿಗೆ ಕಾಣುವ ಬೆಳಕಿಗೂ ಎಲೆಕ್ಟ್ರಾನು ಬಿಡುವ ಲೋಹಗಳು ಬೇಕಿದ್ದವು. ಅಂದರೆ ಸೋಡಿಯಂ, ಪೊಟಾಸಿಯಂ, ಲಿಥಿಯಂ. ಗಾಳಿ ಸೋಕಿದರೆ ಸಾಕು, ಇವುಗಳ ಮೈ ಕಪ್ಪಿಡುತ್ತದೆ, ಅಳತೆ ಕೆಡುತ್ತದೆ. ಮಿಲಿಕನ್ ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೇ ಒಂದು ಚಾಕುವನ್ನು ಕೂರಿಸಿ, ಹೊರಗಿನಿಂದ ವಿದ್ಯುತ್ಕಾಂತದ ಸಹಾಯದಿಂದ ಅದನ್ನು ಓಡಿಸಿ, ಲೋಹದ ಮೇಲ್ಮೈಯನ್ನು ಹೆರೆದು ಹೊಸದು ಮಾಡುತ್ತಿದ್ದರು. ನಿರ್ವಾತದಲ್ಲೊಂದು ಕಾರ್ಯಾಗಾರ! ಪಾದರಸದ ದೀಪದಿಂದ ಒಂದೊಂದೇ ಬಣ್ಣವನ್ನು ಬೇರ್ಪಡಿಸಿ, ಎಲೆಕ್ಟ್ರಾನುಗಳ ಹರಿವು ನಿಲ್ಲುವ ವೋಲ್ಟೇಜನ್ನು ಅಳೆದರು; ಅದೇ ಅವುಗಳ ಗರಿಷ್ಠ ಶಕ್ತಿಯ ಅಳತೆ. 1916ರಲ್ಲಿ ಪ್ರಕಟವಾದ ರೇಖೆ ನೆಟ್ಟಗಿತ್ತು. ಅದರ ಓರೆಯಿಂದ ಬಂದ, ಪೊಟ್ಟಣದ ಶಕ್ತಿಯನ್ನು ಆವೃತ್ತಿಗೆ ಬೆಸೆಯುವ ಪ್ಲಾಂಕ್ ಸ್ಥಿರಾಂಕ ಇಂದಿನ ಬೆಲೆಗಿಂತ ಕೇವಲ ಶೇಕಡಾ 1ರಷ್ಟು ಕಡಿಮೆ.

ಇಷ್ಟಾದ ಮೇಲೂ ಮಿಲಿಕನ್ ಬೆಳಕಿನ ಕಣವನ್ನು ನಂಬಲಿಲ್ಲ. ಸಮೀಕರಣ ಸರಿ, ಆದರೆ ಅದು ಹುಟ್ಟಿದ ಊಹೆ ದುಡುಕಿನದು, ನಿಲ್ಲದಂಥದ್ದು ಎಂದು ಅದೇ ಪ್ರಬಂಧದಲ್ಲಿ ಬರೆದರು. ಅವರು ಒಂಟಿಯೂ ಅಲ್ಲ. ಮೂರು ವರ್ಷ ಮುಂಚೆ, 1913ರಲ್ಲಿ, ಪ್ರಷ್ಯನ್ ವಿಜ್ಞಾನ ಅಕಾಡೆಮಿಗೆ ಐನ್‌ಸ್ಟೈನ್ ಅವರನ್ನು ಶಿಫಾರಸು ಮಾಡಿದ ಪ್ಲಾಂಕ್ ಮತ್ತು ಸಂಗಡಿಗರು, ಬೆಳಕಿನ ಪೊಟ್ಟಣದಂಥ ಊಹೆಯಲ್ಲಿ ಗುರಿ ತಪ್ಪಿದ್ದರೂ ಅದನ್ನು ದೊಡ್ಡ ದೋಷವೆಂದು ಎಣಿಸಬಾರದು ಎಂದು ಬೇಡಿಕೊಂಡಿದ್ದರು. 1922ರಲ್ಲಿ ಘೋಷಣೆಯಾದ 1921ರ ನೊಬೆಲ್ ಕೂಡ ದ್ಯುತಿವಿದ್ಯುತ್ ಪರಿಣಾಮದ ‘ನಿಯಮ’ಕ್ಕೆ ಸಂದಿತು, ಬೆಳಕಿನ ಕಣದ ಮಾತು ಪ್ರಶಸ್ತಿಯ ಒಕ್ಕಣೆಯಲ್ಲಿರಲಿಲ್ಲ. ಇದನ್ನು ಹಳಬರ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಕಣವೆಂದು ಒಪ್ಪಿದರೆ ವ್ಯತಿಕರಣದ ಪಟ್ಟಿಗಳಿಗೆ ಯಾರೂ ಉತ್ತರ ಕೊಡುವಂತಿರಲಿಲ್ಲ. 1909ರಲ್ಲೇ ಜಿ. ಐ. ಟೇಲರ್ ತಿಂಗಳುಗಟ್ಟಲೆ ಕಾಯಬೇಕಾಗುವಷ್ಟು ಮಂದವಾದ ಬೆಳಕಿನಲ್ಲಿ ಸೂಜಿಯ ನೆರಳಿನ ಚಿತ್ರ ತೆಗೆದಿದ್ದರು. ಬೆಳಕು ಬಿಡಿ ಪೊಟ್ಟಣಗಳಾಗಿದ್ದರೆ ಅಷ್ಟು ಮಂದ ಬೆಳಕಿನಲ್ಲಿ ಪಟ್ಟಿಗಳು ಮಾಸಬೇಕಿತ್ತು, ಆದರೆ ಅವು ಹಾಗೆಯೇ ಇದ್ದವು.

1923ರಿಂದ ಗಾಳಿ ತಿರುಗಿತು. ಎಲೆಕ್ಟ್ರಾನಿಗೆ ಬಡಿದು ಚದುರಿದ ಎಕ್ಸ್-ಕಿರಣದ ತರಂಗದೂರ ಹೆಚ್ಚುವುದನ್ನು ಕಾಂಪ್ಟನ್ ಎರಡು ಗೋಲಿಗಳ ಢಿಕ್ಕಿಯ ಲೆಕ್ಕದಲ್ಲೇ ವಿವರಿಸಿದರು. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯಿಂದಲೇ ಕಾದ ಕಾಯದ ವಿಕಿರಣದ ಪ್ಲಾಂಕ್ ನಿಯಮವನ್ನು ಪಡೆದರು. ಅದೇ ವರ್ಷ ಬೋರ್, ಕ್ರಾಮರ್ಸ್ ಮತ್ತು ಸ್ಲೇಟರ್, ಕಣವನ್ನು ಒಪ್ಪುವುದಕ್ಕಿಂತ ಶಕ್ತಿಯ ಸಂರಕ್ಷಣೆಯನ್ನು ಪ್ರತಿ ಢಿಕ್ಕಿಯಲ್ಲೂ ಅಲ್ಲದೆ ಸರಾಸರಿಗೆ ಮಾತ್ರ ಉಳಿಸಿಕೊಳ್ಳುವುದೇ ಲೇಸೆಂಬ ಸಿದ್ಧಾಂತ ಮಂಡಿಸಿದರು. 1925ರಲ್ಲಿ ಬೋಥೆ ಮತ್ತು ಗೈಗರ್ ಪ್ರಯೋಗ ಅದನ್ನು ಅಲ್ಲಗಳೆಯಿತು. ಡಿ ಬ್ರಾಯ್ ಎಲೆಕ್ಟ್ರಾನಿಗೂ ಅಲೆಯಿದೆ ಎಂದರು, 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿನಿಂದ ಚದುರಿದ ಎಲೆಕ್ಟ್ರಾನುಗಳಲ್ಲಿ ಅದನ್ನು ಕಂಡರು. ಬೆಳಕಿನ ಕಣಕ್ಕೆ ‘ಫೋಟಾನ್’ ಎಂಬ ಹೆಸರು ಬಳಕೆಗೆ ಬಂದದ್ದು 1926ರ ನಂತರ.

ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಪರಮಾಣು ಮಟ್ಟದ ವರ್ತನೆಯನ್ನು ವಿವರಿಸುವ ಕ್ವಾಂಟಂ ಯಂತ್ರಶಾಸ್ತ್ರ ಬಂದ ಕೂಡಲೇ ಇನ್ನೊಂದು ತಿರುವು ಕಾಣಿಸಿಕೊಂಡಿತ್ತು: ಎಲೆಕ್ಟ್ರಾನಿಗೆ ಕ್ವಾಂಟಂ ನಿಯಮಗಳನ್ನು ಹಚ್ಚಿ, ಬೆಳಕನ್ನು ಹಳೆಯ ಅಲೆಯಾಗಿಯೇ ಉಳಿಸಿಕೊಂಡರೂ ಐನ್‌ಸ್ಟೈನ್ ಸಮೀಕರಣ ಸಿಗುತ್ತದೆ. 1969ರಲ್ಲಿ ಲ್ಯಾಂಬ್ ಮತ್ತು ಸ್ಕಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದರು. ಅಂದರೆ ಪಾಠಗಳು ಫೋಟಾನಿಗೆ ಸಾಕ್ಷಿಯೆಂದು ನಿಲ್ಲಿಸುವ ಆ ಸರಳರೇಖೆಯೊಂದೇ ಫೋಟಾನನ್ನು ಸಾಬೀತುಪಡಿಸಲು ಸಾಲದು.

ಸಾಲುವಂಥ ಸಾಕ್ಷ್ಯಕ್ಕೆ 1977ರವರೆಗೆ ಕಾಯಬೇಕಾಯಿತು. ಕಿಂಬಲ್, ಡ್ಯಾಜನೈ ಮತ್ತು ಮ್ಯಾಂಡಲ್, ಸೋಡಿಯಂ ಪರಮಾಣುಗಳಿಂದ ಹೊಮ್ಮುವ ಬೆಳಕು ಒಟ್ಟಿಗೆ ಬಾರದೆ ಒಂದಾದ ಮೇಲೊಂದರಂತೆ ಬಿಡಿಯಾಗಿ ಬರುವುದನ್ನು ದಾಖಲಿಸಿದರು; ಹಳೆಯ ಅಲೆಯ ಯಾವ ಲೆಕ್ಕವೂ ಅದಕ್ಕೆ ಎಡೆಕೊಡುವುದಿಲ್ಲ. 1986ರಲ್ಲಿ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಒಂಟಿ ಫೋಟಾನುಗಳನ್ನು, ಅರ್ಧ ಬೆಳಕನ್ನು ದಾಟಿಸಿ ಅರ್ಧವನ್ನು ಪ್ರತಿಫಲಿಸುವ ಅರೆಪಾರಕ ಕನ್ನಡಿಯತ್ತ ಬಿಟ್ಟರು. ಎರಡೂ ಬದಿಯ ಶೋಧಕಗಳು ಒಟ್ಟಿಗೆ ಮಿಡಿಯುವುದು ಅಲೆಯ ಸಿದ್ಧಾಂತ ಹೇಳುವುದಕ್ಕಿಂತ ತೀರಾ ಅಪರೂಪವಾಗಿತ್ತು. ಫೋಟಾನು ಈ ಕಡೆ ಸಿಗುತ್ತದೆ, ಇಲ್ಲವೇ ಆ ಕಡೆ. ಬಳಿಕ ಅದೇ ಮೂಲದ ಬೆಳಕಿನ ಎರಡೂ ದಾರಿಗಳನ್ನು ಇನ್ನೊಂದು ಅರೆಪಾರಕ ಕನ್ನಡಿಯಲ್ಲಿ ಕೂಡಿಸಿದಾಗ ವ್ಯತಿಕರಣದ ಪಟ್ಟಿಗಳು ನಿಚ್ಚಳವಾಗಿ ಮೂಡಿದವು.