ಓಟ ನಿಂತ ಮೇಲೂ ಪಾಯಿಂಟ್ ಗಾರ್ಡ್‌ಗೆ ಅಷ್ಟು ಬೆಲೆ ಯಾಕೆ?

ಓದುಗರ ಪ್ರಶ್ನೆ: ಎನ್‌ಬಿಎ ತಂಡಗಳು ವಯಸ್ಸಾದ ಪಾಯಿಂಟ್ ಗಾರ್ಡ್‌ಗೋಸ್ಕರ ಬೆಳೆಯುವ ಹುಡುಗರನ್ನು ಯಾಕೆ ಬಿಟ್ಟುಕೊಡುತ್ತವೆ? ಕಾಲಲ್ಲಿ ವೇಗ ಹೋದ ಮೇಲೆ ಆ ಜಾಗದಲ್ಲಿ ಆಡೋಕೆ ಆಗುತ್ತಾ?

ಪಾಯಿಂಟ್ ಗಾರ್ಡ್ ಅಂದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಾಲ್ ತಂದು ಆಟ ಕಟ್ಟುವವನು. ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ಗಡುವು ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಆಟಗಾರನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಟ್ಟಿಲ್ಲ. ಈ ಸಲ ಒಂದೇ ಟ್ರೇಡ್ ಹಿಡಿದು ಪೂರ್ತಿ ಹೇಳಿಬಿಡುತ್ತೇನೆ.

2020ರ ನವೆಂಬರ್‌ನಲ್ಲಿ ಫೀನಿಕ್ಸ್ ಸನ್ಸ್ ತಂಡ ಓಕ್ಲಹೋಮಾ ಸಿಟಿಯಿಂದ ಪಾಯಿಂಟ್ ಗಾರ್ಡ್ ಕ್ರಿಸ್ ಪಾಲ್‌ನನ್ನು ತಂದಿತು. ವಯಸ್ಸು 35. ಆ ವರ್ಷದ ಸಂಬಳ 4 ಕೋಟಿ ಡಾಲರ್ ದಾಟಿತ್ತು. ಜೊತೆಗೆ ಅಬ್ದೆಲ್ ನಾದರ್ ಬಂದ. ಬದಲಿಗೆ ರಿಕಿ ರೂಬಿಯೊ, ಕೆಲ್ಲಿ ಊಬ್ರೆ, ಟೈ ಜೆರೋಮ್, ಜೇಲನ್ ಲೆಕ್ ಹೋದರು. ಮೇಲೊಂದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಬೇರೆ. ಊಬ್ರೆಗೆ ಆಗಿನ್ನೂ 24 ವರ್ಷ, ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 18ಕ್ಕಿಂತ ಜಾಸ್ತಿ ಪಾಯಿಂಟ್ ಹೊಡೆದಿದ್ದ. ಸನ್ಸ್ 2010ರ ನಂತರ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಹುಡುಗರ ತಂಡ ಈಗಷ್ಟೇ ಕುದುರುತ್ತಿದೆ, ಈ ಹೊರೆ ಯಾಕೆ ಅಂತ ಅಭಿಮಾನಿಗಳು ತಲೆ ಕೆಡಿಸಿಕೊಂಡರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು ಅವರು ಕೊಟ್ಟ ಕಾರಣ.

‘ಪಾಯಿಂಟ್ ಗಾರ್ಡ್ ಅಂದರೆ ವೇಗ. ವೇಗ ಹೋದರೆ ಅವನ ಆಟ ಮುಗಿಯಿತು.’ ಈ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಬೇಕಾದರೆ ಸನ್ಸ್ ಪರ ಪಾಲ್ ಆಡಿದ ಹಳೆಯ ಪಂದ್ಯವನ್ನು ಒಂದು ಸಲ ನಿಧಾನವಾಗಿ ನೋಡಿ.

ಅವನು ಬಾಲ್ ಬಡಿಯುತ್ತಾ ಬಲಗಡೆಯಿಂದ ಬರುತ್ತಾನೆ. ಅವನದೇ ತಂಡದ ಎತ್ತರದ ಆಟಗಾರ ಡಿಆಂಡ್ರೆ ಏಟನ್ ಬಂದು ಸ್ಕ್ರೀನ್ ನಿಲ್ಲುತ್ತಾನೆ, ಅಂದರೆ ಪಾಲ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಪಾಲ್ ಅದಕ್ಕೆ ಭುಜ ಉಜ್ಜಿಕೊಂಡೇ ದಾಟುತ್ತಾನೆ, ಅವನನ್ನು ಕಾಯುತ್ತಿದ್ದವನು ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ವೇಗ ಇರುವ ಹುಡುಗನಾದರೆ ಇಲ್ಲಿಂದ ನೇರ ರಿಂಗ್ ಕಡೆ ನುಗ್ಗುತ್ತಾನೆ. ಪಾಲ್ ಹಾಗೆ ಮಾಡುವುದಿಲ್ಲ. ಅವನು ನಿಧಾನ ಮಾಡುತ್ತಾನೆ. ಹಿಂದಿನವನನ್ನು ಬೆನ್ನ ಮೇಲೇ ಇಟ್ಟುಕೊಳ್ಳುತ್ತಾನೆ. ಕಿರಿದಾದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡ ಬೈಕಿನವನ ಪಾಡು ನೋಡಿದ್ದೀರಲ್ಲ, ಆ ಡಿಫೆಂಡರ್‌ದೂ ಅದೇ ಪಾಡು. ಸುತ್ತಿ ಮುಂದೆ ಬರೋಕೆ ಹೋಗಿ ಮೈ ತಾಗಿಸಿದರೆ ಫೌಲ್.

ಈಗ ಮುಂದೆ ಉಳಿದಿರುವುದು ಎದುರು ತಂಡದ ಎತ್ತರದ ಆಟಗಾರ ಒಬ್ಬನೇ. ಅವನು ಮೇಲೆ ಬಂದರೆ ಬಾಲ್ ರಿಂಗ್ ಹತ್ತಿರ ಏಟನ್ ಕೈಗೆ ಹೋಗುತ್ತದೆ. ಹಿಂದೆ ಸರಿದರೆ ಪಾಲ್ ಫ್ರೀ ಥ್ರೋ ಗೆರೆಯ ಬಲ ಮೂಲೆಯಿಂದ ಜಂಪ್ ಶಾಟ್ ಹೊಡೆಯುತ್ತಾನೆ. ಆ ಎತ್ತರದವನ ಸಹಾಯಕ್ಕೆ ಇನ್ನೊಬ್ಬ ಓಡಿಬಂದರೆ ಕಾರ್ನರ್‌ನಲ್ಲಿ ಸನ್ಸ್‌ನ ಒಬ್ಬ ಖಾಲಿ ನಿಂತಿರುತ್ತಾನೆ. ಇದೆಲ್ಲ ನೋಡಿ ತೀರ್ಮಾನ ಮಾಡಲು ಸಮಯ ಬೇಕು. ಆ ಸಮಯವನ್ನು ಪಾಲ್ ನಿಧಾನದಿಂದಲೇ ಸಂಪಾದಿಸುತ್ತಾನೆ. ನಿಧಾನವೇ ಅವನ ಆಯುಧ.

ಸಂಜೆ ಕೋರ್ಟಿನಲ್ಲಿ ಮಕ್ಕಳಿಗೆ ನಾನು ಹೇಳುವುದೂ ಇದನ್ನೇ: ಸ್ಕ್ರೀನ್ ದಾಟಿದ ಕೂಡಲೇ ಓಡಬೇಡ, ಒಂದು ಬಡಿತ ನಿಲ್ಲು. ಯಾರೂ ನಿಲ್ಲುವುದಿಲ್ಲ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತಳು. ಹಿಂದಿದ್ದವಳು ಬೆನ್ನಿಗೆ ಬಂದು ಡಿಕ್ಕಿ ಹೊಡೆದಳು, ಮುಂದಿದ್ದವಳು ಎತ್ತ ಹೋಗಲಿ ಅಂತ ಕಕ್ಕಾಬಿಕ್ಕಿ. ಪಾಸ್ ಸಲೀಸಾಗಿ ಹೋಯಿತು. ಅವತ್ತು ಮನೆಗೆ ಹೋಗುವಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಲೆಕ್ಕ ಬೇಕು ಅನ್ನುವವರಿಗೆ. 2020-21ರಲ್ಲಿ ಪಾಲ್ 72 ಪಂದ್ಯಗಳಲ್ಲಿ 70 ಆಡಿದ. ಹಿಂದಿನ ಸೀಸನ್‌ನಲ್ಲಿ 34 ಗೆದ್ದು 39 ಸೋತಿದ್ದ ತಂಡ ಈಗ 51 ಗೆದ್ದು ಫೈನಲ್ಸ್ ತನಕ ಹೋಯಿತು. ಫೈನಲ್ಸ್‌ಗೂ ಮುಂಚಿನ ಸರಣಿಯಲ್ಲಿ ಕ್ಲಿಪ್ಪರ್ಸ್ ವಿರುದ್ಧದ ಆರನೇ ಪಂದ್ಯ ನಮಗೆ ಜುಲೈ 1ರ ಬೆಳಗ್ಗೆ, ಕಾಫಿ ಹೊತ್ತಿನಲ್ಲಿ ಬಂತು. ಪಾಲ್ 41 ಪಾಯಿಂಟ್ ಹೊಡೆದ, ಅದರಲ್ಲಿ 31 ದ್ವಿತೀಯಾರ್ಧದಲ್ಲಿ. ಒಂದೂ ಟರ್ನೋವರ್ ಇಲ್ಲ, ಅಂದರೆ ಒಮ್ಮೆಯೂ ಬಾಲನ್ನು ಎದುರಾಳಿಗೆ ಕಳೆದುಕೊಳ್ಳಲಿಲ್ಲ. ನನ್ನ ಲೋಟದಲ್ಲಿ ಕಾಫಿ ಹಾಗೇ ಆರಿಹೋಗಿತ್ತು. ಮರುವರ್ಷ ನ್ಯೂ ಆರ್ಲಿಯನ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ 14 ಶಾಟ್ ಹೊಡೆದ, 14ಕ್ಕೆ 14ನ್ನೂ ಹಾಕಿದ. ಇನ್ನೇನು 37 ತುಂಬಬೇಕಿತ್ತು ಅವನಿಗೆ.

ಪಾಲ್ ಒಬ್ಬನೇ ಅಲ್ಲ. ಜಾನ್ ಸ್ಟಾಕ್ಟನ್ 41ರವರೆಗೆ ಆಡಿದ. ಸನ್ಸ್‌ನಲ್ಲೇ ಇದ್ದ ಸ್ಟೀವ್ ನ್ಯಾಶ್ 37ರಲ್ಲಿ ಇಡೀ ಲೀಗ್‌ಗೆ ಅಸಿಸ್ಟ್‌ನಲ್ಲಿ (ಪಾಯಿಂಟ್‌ಗೆ ದಾರಿ ಮಾಡಿಕೊಡುವ ಪಾಸ್) ಮೊದಲಿಗ. ಜೇಸನ್ ಕಿಡ್ 2011ರಲ್ಲಿ ಡಲ್ಲಾಸ್ ಪರ ಚಾಂಪಿಯನ್ ಆದಾಗ 38.

ಹಾಗಾದರೆ ವಯಸ್ಸು ಏನನ್ನೂ ಕಿತ್ತುಕೊಳ್ಳುವುದಿಲ್ಲವಾ? ಕಿತ್ತುಕೊಳ್ಳುತ್ತದೆ. ಮೈ ಕೈಕೊಡುತ್ತದೆ. 2018ರಲ್ಲಿ ಹ್ಯೂಸ್ಟನ್ ಪರ ಆಡುವಾಗ ತೊಡೆಯ ಹಿಂಬದಿಯ ಸ್ನಾಯು ನೋವಿನಿಂದ ಪಾಲ್ ಫೈನಲ್ಸ್‌ಗೂ ಮುಂಚಿನ ಸುತ್ತಾದ ಕಾನ್ಫರೆನ್ಸ್ ಫೈನಲ್ಸ್‌ನ ಕೊನೆಯ ಎರಡು ಪಂದ್ಯ ಆಡಲಿಲ್ಲ. ಹ್ಯೂಸ್ಟನ್ ಎರಡೂ ಸೋತಿತು. 2021ರಲ್ಲಿ ಲೇಕರ್ಸ್ ವಿರುದ್ಧ ಭುಜಕ್ಕೆ ಪೆಟ್ಟು. ಅದೇ ವರ್ಷ ಫೈನಲ್ಸ್‌ನಲ್ಲಿ ಸನ್ಸ್ 2-0 ಮುಂದಿದ್ದೂ ಮಿಲ್ವಾಕಿಗೆ 4-2ರಲ್ಲಿ ಸೋತಿತು. ಚಿಂತೆ ಮಾಡಬೇಕಾದದ್ದು ಇದರ ಬಗ್ಗೆ. ಸೀಸನ್ ಮುಗಿಯುವ ಜೂನ್ ತನಕ ಈ ಮೈ ತಾಳುತ್ತಾ ಅಂತ ಕೇಳಿ, ಓಡುತ್ತಾನಾ ಅಂತ ಕೇಳಬೇಡಿ.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಒಬ್ಬ ಪಾಲ್‌ಗೆ ನಾಲ್ಕು ಜನ ಯಾಕೆ ಹೋದರು? ನಾಲ್ಕು ಜನರ ಆಟ ಅವನೊಬ್ಬನಿಗೆ ಸಮ ಅಂತ ಅಲ್ಲ. ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ, ಅದನ್ನು ದಾಟಿದ ತಂಡ ತಾನು ಕಳಿಸುವ ಸಂಬಳಕ್ಕಿಂತ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಜಾಸ್ತಿ ತರಬಹುದು ಅನ್ನುವುದು ಆಗಿನ ನಿಯಮ. ರೂಬಿಯೊದು 1.7 ಕೋಟಿ, ಊಬ್ರೆಯದು 1.4 ಕೋಟಿ ಚಿಲ್ಲರೆ. ಇಬ್ಬರನ್ನೇ ಕಳಿಸಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಜೆರೋಮ್ ಮತ್ತು ಲೆಕ್ ಸೇರಿದ ಮೇಲೆ ತಕ್ಕಡಿ ಸರಿಯಾಯಿತು.

ಈ ಲೆಕ್ಕ ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡಬೇಕಾದರೆ 2008ರಲ್ಲಿ ಡಲ್ಲಾಸ್ ನ್ಯೂಜೆರ್ಸಿಯಿಂದ ಕಿಡ್‌ನನ್ನು ತಂದ ಟ್ರೇಡ್ ನೋಡಿ. ಡಲ್ಲಾಸ್ ಮೊದಲು ಸಿದ್ಧ ಮಾಡಿದ ಒಪ್ಪಂದದಲ್ಲಿ ಡೆವಿಯನ್ ಜಾರ್ಜ್ ಇದ್ದ. ಅವನ ಕಾಂಟ್ರ್ಯಾಕ್ಟ್ ಪ್ರಕಾರ ಬೇಡ ಅನ್ನುವ ಹಕ್ಕು ಅವನಿಗಿತ್ತು, ಬೇಡ ಅಂದ. ಎಲ್ಲ ನಿಂತುಹೋಯಿತು. ಆಗ ಡಲ್ಲಾಸ್ ಕೀತ್ ವ್ಯಾನ್ ಹಾರ್ನ್‌ನನ್ನು ಹುಡುಕಿತು. ಅವನು 2006ರಿಂದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿಸಿಕೊಂಡು, ಆ ಸಂಬಳವನ್ನು ಲೆಕ್ಕಕ್ಕೆ ಸೇರಿಸಿ, ನ್ಯೂಜೆರ್ಸಿಗೆ ಕಳಿಸಿದರು. ಕಿಡ್ ಡಲ್ಲಾಸ್‌ಗೆ ಬಂದ. ವ್ಯಾನ್ ಹಾರ್ನ್ ನ್ಯೂಜೆರ್ಸಿ ಪರ ಒಂದು ನಿಮಿಷವೂ ಕೋರ್ಟಿಗೆ ಇಳಿಯಲಿಲ್ಲ.